ದನದ ಕೊಟ್ಟಿಗೆ ಬುದ್ಧಿ ಕುದುರೆಗೆ ಸಾಲದು

ಮನೆಯಲ್ಲಿ ಕುದುರೆ ಇದೆ ಅಂತ ಗೊತ್ತಾದರೆ ಸಾಕು, ಬಂದವರೆಲ್ಲ ಮೊದಲು ಕೇಳುವುದು "ಎಷ್ಟು ಜೋರು ಓಡ್ತದೆ?" ಅಂತ. ತೀರ್ಥಹಳ್ಳಿ ಸೀಮೆಯಲ್ಲಿ ಕುದುರೆ ಕಟ್ಟಿದವರಿಗೆ ಓಟದ ಯೋಚನೆ ಬರುವುದು ಕಡೆಗೆ. ಮೊದಲ ತಲೆನೋವು ಒದ್ದೆ. ಎರಡನೆಯದು ಸಲಹೆ. ನಮ್ಮ ಕಡೆ ದನ ಸಾಕದ ಮನೆಯಿಲ್ಲ, ಹಾಗಾಗಿ ನಾಲ್ಕು ಕಾಲಿನ ಯಾವ ಪ್ರಾಣಿಗಾದರೂ ಎಲ್ಲರ ಹತ್ತಿರವೂ ಮದ್ದಿದೆ.

ದನಕ್ಕೆ ನಾವು ಬೆಟ್ಟದ ಹಸಿಸೊಪ್ಪು ಹಾಸುತ್ತೇವೆ, ಸಗಣಿ ಗಂಜಲದಲ್ಲಿ ತುಳಿದು ತೋಟಕ್ಕೆ ಗೊಬ್ಬರವಾಗಲಿ ಅಂತ. ಕುದುರೆಯನ್ನು ಆ ಹಾಸಿನ ಮೇಲೆ ನಿಲ್ಲಿಸಿದರೆ ಗೊರಸು ಕೆಡುತ್ತದೆ. ಕಾಲೆತ್ತಿ ನೋಡಿ: ಗೊರಸಿನಡಿ ಮೂರು ಮೂಲೆಯ, ರಬ್ಬರಿನ ಹಾಗೆ ಒತ್ತಿದರೆ ತಗ್ಗುವ ಭಾಗವಿದೆ. ಫ್ರಾಗ್ ಅನ್ನುತ್ತಾರೆ. ಅದರ ಎರಡೂ ಬದಿಯ ಸಂದಿನಲ್ಲಿ ಕೆಸರು, ಗಂಜಲ ನಿಂತರೆ ಕೊಳೆ ಹತ್ತಿ ಕಪ್ಪು ಲೋಳೆ ಬರುತ್ತದೆ. ಇದೇ ಥ್ರಶ್. ಕುದುರೆ ಕುಂಟುವ ಎಷ್ಟೋ ಮೊದಲೇ ನಾತ ಹೊಡೆಯುತ್ತದೆ. ಅದಕ್ಕೇ ನಾನು ಗೊರಸನ್ನು ನೋಡುವುದಕ್ಕಿಂತ ಹೆಚ್ಚು ಮೂಸುತ್ತೇನೆ, ನೋಡಿದವರು ನಗುತ್ತಾರೆ, ನಗಲಿ. ನಮ್ಮ ಲಾಯಕ್ಕೆ ಜಂಬಿಟ್ಟಿಗೆ ಹಾಸಿ ಒಂದು ಬದಿಗೆ ಇಳಿಜಾರು ಕೊಟ್ಟಿದ್ದೇನೆ. ಅದರ ಮೇಲೆ ದಪ್ಪಗೆ ಭತ್ತದ ಹೊಟ್ಟು. ಒದ್ದೆಯಾದಷ್ಟನ್ನು ದಿನಾ ಬಾಚಿ ತೆಗೆಯುತ್ತೇನೆ. ಗೊರಸನ್ನು ಹಿಮ್ಮಡಿಯಿಂದ ತುದಿಯ ಕಡೆಗೆ ಕೊಕ್ಕೆಯಲ್ಲಿ ಎರಡು ಹೊತ್ತೂ ಕೆರೆದು, ಬಟ್ಟೆಯಲ್ಲಿ ಒರೆಸಿ, ಸಂದಿಗೆ ಪೊವಿಡೋನ್ ಅಯೋಡಿನ್ ಅದ್ದಿದ ಹತ್ತಿ. ಎಣ್ಣೆ ಹಚ್ಚಿ ಅನ್ನುವವರಿದ್ದಾರೆ. ಒದ್ದೆ ಗೊರಸಿಗೆ ಎಣ್ಣೆ ಹಚ್ಚಿದರೆ ನೀರು ಒಳಗೇ ಉಳಿಯುತ್ತದೆ, ಅಷ್ಟೆ.

ಲಾಳದ ಪ್ರಶ್ನೆಯೂ ಬರುತ್ತದೆ. ಎತ್ತಿಗೆ ಲಾಳ ಹೊಡೆಯುವವರ ಕೈಗೆ ಕುದುರೆ ಕಾಲು ಕೊಡಬೇಡಿ. ಎತ್ತಿನದು ಸೀಳುಗೊರಸು, ಲಾಳವೂ ಎರಡು ತುಂಡು. ಇಲ್ಲಿ ಒಂದೇ ಗೊರಸು, ಮೊಳೆ ಕೂದಲೆಳೆ ಒಳಗೆ ಹೋದರೂ ಕೀವು. ಮಣ್ಣುದಾರಿಯಲ್ಲೇ ಓಡಾಡುವ ನಮ್ಮದಕ್ಕೆ ಲಾಳವೇ ಇಲ್ಲ. ಆರರಿಂದ ಎಂಟು ವಾರಕ್ಕೊಮ್ಮೆ ಬಲ್ಲವರಿಂದ ಗೊರಸು ಕತ್ತರಿಸಿದರೆ ಸಾಕು.

ಮೇವಿನದೂ ಇದೇ ಕತೆ. ಕುದುರೆಗೆ ದಿನಕ್ಕೆ ದೇಹದ ತೂಕದ ಶೇಕಡಾ 1.5ರಿಂದ 2ರಷ್ಟು ಒಣಮೇವು ಬೇಕು. 350 ಕೆಜಿಯದಕ್ಕೆ ಐದಾರು ಕೆಜಿಯಾದರೂ ಆಯಿತು. ಆಷಾಢದಲ್ಲಿ ಬಣವೆಯ ಹುಲ್ಲಿಗೆ ಬೂಷ್ಟು ಹಿಡಿದಿರುತ್ತದೆ. ದನ ಹೇಗೋ ತಿಂದುಕೊಳ್ಳುತ್ತದೆ, ಕುದುರೆಗೆ ಕೆಮ್ಮು, ಉಬ್ಬಸ ಶುರು. ಅಂಥ ಹುಲ್ಲನ್ನು ತೊಳೆದು ಕೊಡುವುದಲ್ಲ, ಕೊಡಲೇಬಾರದು. ದನದ ಅಕ್ಕಚ್ಚಿಗೆ ತೌಡು ಸುರಿದ ಹಾಗೆ ಕುದುರೆಗೂ ಸುರಿಯಬೇಡಿ. ತೌಡಿನಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ಕಮ್ಮಿ. ತಿಂಗಳುಗಟ್ಟಲೆ ಅದನ್ನೇ ನೆಚ್ಚಿದರೆ ಮೂಳೆ ಸವೆದು ಮುಖ ಊದುತ್ತದೆ. ಬೇಯಿಸಿದ ಹುರುಳಿ ದುಡಿಯುವ ಕುದುರೆಗೆ ಸೈ, ಸುಮ್ಮನೆ ಕಟ್ಟಿದ್ದಕ್ಕೆ ಒಂದು ಹಿಡಿ ಸಾಕು.

ಇನ್ನು ಹೊಟ್ಟೆಶೂಲೆ. ನಾನು ನಿಜಕ್ಕೂ ಹೆದರುವುದು ಇದಕ್ಕೆ ಮಾತ್ರ. ದನ ಉಬ್ಬರಿಸಿದರೆ ಬಿದಿರಿನ ಗೊಟ್ಟದಲ್ಲಿ ಎಣ್ಣೆ ಕುಡಿಸುವುದು ನಮ್ಮ ಕೈಗೆ ರೂಢಿ. ಕುದುರೆಗೆ ಗೊಟ್ಟ ಹಿಡಿದರೆ ಎಣ್ಣೆ ಶ್ವಾಸಕೋಶಕ್ಕೆ ಇಳಿಯಬಹುದು. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಜಠರ ಬಿಗಿದುಕೊಂಡರೆ ಒಡೆಯುವವರೆಗೂ ಹೋಗುತ್ತದೆ. ವೈದ್ಯರು ಮೂಗಿನಿಂದ ನಳಿಗೆ ಇಳಿಸಿ ಹಗುರ ಮಾಡುವುದು ಅದಕ್ಕೇ. ಮೇವು ಬಿಡುವುದು, ಕಾಲಿನಿಂದ ನೆಲ ಕೆರೆಯುವುದು, ತಿರುತಿರುಗಿ ಪಕ್ಕೆ ನೋಡಿಕೊಳ್ಳುವುದು, ಮಲಗಿ ಹೊರಳುವುದು ಕಂಡರೆ ಮೇವು ಎತ್ತಿಟ್ಟು ಫೋನ್ ಮಾಡಿ. ಫೋನಿನಲ್ಲಿ ಹೇಳಲು ಮೂರು ವಿಷಯ ನೋಡಿಟ್ಟುಕೊಳ್ಳಿ. ದವಡೆಯಡಿ ಬೆರಳಿಟ್ಟರೆ ನಾಡಿ ಸಿಗುತ್ತದೆ, ನಿಮಿಷಕ್ಕೆ 28ರಿಂದ 44 ಸಹಜ, 60 ದಾಟಿದರೆ ಗಂಭೀರ. ಒಸಡು ಒತ್ತಿ ಬಿಟ್ಟರೆ ಎರಡು ಸೆಕೆಂಡಿನಲ್ಲಿ ಕೆಂಪು ಮರಳಬೇಕು. ಪಕ್ಕೆಗೆ ಕಿವಿಯಿಟ್ಟರೆ ಗುಡುಗುಡು ಕೇಳಬೇಕು. ಸದ್ದೇ ಇಲ್ಲದಿದ್ದರೆ ತಡ ಮಾಡಬೇಡಿ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಆದರೆ ಮಳೆಗಾಲದ ರಾತ್ರಿ ಅಲ್ಲಿಯವರೆಗೆ ಸಾಗಿಸುವ ಗಾಡಿ ಯಾವುದು ಅನ್ನುವುದನ್ನು ಮೊದಲೇ ಗೊತ್ತು ಮಾಡಿಕೊಂಡಿರಬೇಕು. ಧನುರ್ವಾಯು ಲಸಿಕೆ ಮಾತ್ರ ತಪ್ಪಿಸಬೇಡಿ, ಕುದುರೆಗೆ ಆ ರೋಗ ಬಲು ಬೇಗ ತಗಲುತ್ತದೆ.

ಉಣುಗಿಗೆ ದನಕ್ಕೆ ಹೊಡೆಯುವ ಮದ್ದಿದೆಯಲ್ಲ ಅಂತ ಕೇಳುತ್ತಾರೆ. ಬಾಟಲಿ ಮೇಲೆ ಅಮಿಟ್ರಾಜ್ ಅಂತಿದ್ದರೆ ಕುದುರೆಯ ಹತ್ತಿರವೂ ತರಬೇಡಿ. ದನಕ್ಕೆ ಅದು ಮದ್ದು. ಕುದುರೆಗೆ ಕರುಳಿನ ಚಲನೆ ನಿಂತು ಶೂಲೆ ಬರುತ್ತದೆ. ವೈದ್ಯರನ್ನು ಕೇಳಿ ಬೇರೆಯದು ತರಿಸಿ. ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಉಣುಗಿನಿಂದ ಹರಡುವ ಮಂಗನ ಕಾಯಿಲೆ ಗುರುತಾದ ಜಿಲ್ಲೆ ನಮ್ಮದು. ಬೇಸಿಗೆಯಲ್ಲಿ ಕಾಡಂಚಿನಲ್ಲಿ ಸವಾರಿ ಹೊರಟರೆ ಕುದುರೆಗಿಂತ ಸವಾರನೇ ಹುಷಾರಾಗಿರಬೇಕು: ಕೈಕಾಲಿಗೆ ಉಣುಗು ಹತ್ತದಂತೆ ಹಚ್ಚುವ ಡೆಪಾ ಎಣ್ಣೆ, ಬಂದ ಕೂಡಲೇ ಬಿಸಿನೀರ ಸ್ನಾನ, ಬಟ್ಟೆಯೂ ಬಿಸಿನೀರಿಗೆ.

ಸವಾರಿಯ ಬಗ್ಗೆ ಹೇಳುವುದು ಕಮ್ಮಿ. ಜೀನೂ ಸೇರಿ ಸವಾರನ ತೂಕ ಕುದುರೆಯ ತೂಕದ ಐದನೇ ಒಂದು ಪಾಲು ದಾಟದಿರಲಿ. ಇಳಿಜಾರಿನಲ್ಲಿ ನೇರ ಕೂತು ಲಗಾಮು ಸಡಿಲ ಬಿಡಿ, ಕಾಲಿಡುವ ಜಾಗ ಅದೇ ನೋಡಿಕೊಳ್ಳುತ್ತದೆ. ನೆಂದ ಜೀನನ್ನು ಒಲೆ ಮೇಲಿನ ಅಟ್ಟಕ್ಕೆ ಏರಿಸಬೇಡಿ, ತೊಗಲು ಬಿರಿಯುತ್ತದೆ. ಗಾಳಿಯಾಡುವ ಜಗಲಿಯಲ್ಲಿ ನಿಧಾನ ಆರಲಿ.