ಸಿಗಡಿ ಹೊಂಡಕ್ಕೆ ಕೊರವ ಹತ್ತಿದ ವರ್ಷ

ಸಿಗಡಿ ಸಾಕುವ ಹೊಂಡಕ್ಕೆ ಕೊರವ, ಜಿಲೇಬಿ (ತಿಲಾಪಿಯಾ) ಮೀನು ನುಗ್ಗಿದ್ದವು. ಸಿಗಡಿ ಉಳಿಸಿ ಮೀನಷ್ಟೇ ಕೊಲ್ಲುವ ಹಿಂಡಿ ಕೇಳಿದ್ದೆ. "ಹಿಂಡಿ ಎಲ್ಲ ಯಾಕೆ ಮಾರಾಯ್ರೆ, ಒಂದು ಬಾಟಲಿ ಸೈಪರ್‌ಮೆಥ್ರಿನ್ ಸುರೀರಿ, ಒಂದು ಮೀನೂ ಉಳಿಯಲ್ಲ" ಅಂದರು ಔಷಧಿ ಅಂಗಡಿಯವರು. ಮೀನು ಉಳಿಯಲ್ಲ, ನಿಜ. ಆದರೆ ಅದಕ್ಕಿಂತ ಮೊದಲು ಸಿಗಡಿ ಹೋಗಿರುತ್ತದೆ. ಸಿಗಡಿ ಹುಳುವಿನ ದಾಯಾದಿ. ಹುಳುವಿಗೆ ಮಾಡಿದ ಮದ್ದು ಅದಕ್ಕೂ ತಾಗುತ್ತದೆ.

ತೀರ್ಥಹಳ್ಳಿ ಕಡೆ, ಅಡಿಕೆ ತೋಟದ ಕೆಳಗೆ ನಮ್ಮದು ಹತ್ತು ಗುಂಟೆಯ ಹೊಂಡ. ಮಳೆಗಾಲ ಶುರುವಾಗಿ ಹೊಳೆ ಮೀನು ಗದ್ದೆಗೆ ಹತ್ತುವ ಹತ್ತುಮೀನಿನ ಹೊತ್ತಿಗೆ ಗದ್ದೆ ನೀರು ಬದು ದಾಟಿ ಒಳಗೆ ನುಗ್ಗಿತು. ತೂಬಿಗೆ ಕಟ್ಟಿದ್ದ ಬಲೆ ಪಾಪ ಏನು ಮಾಡೀತು! ದೀಪಾವಳಿಗೆ ನೋಡಿದರೆ ಜಿಲೇಬಿ ಮರಿಗಳ ಹಿಂಡು, ಮೊಣಕೈ ಉದ್ದದ ಕೊರವ.

ಟೀ ಬೀಜದ ಹಿಂಡಿ ತರಿಸಿದೆ. ಅದರಲ್ಲಿರುವ ಸಪೋನಿನ್ ಅನ್ನೋ ನೊರೆ ಬರಿಸುವ ವಸ್ತು ಕಿವಿರಿನಿಂದ ಒಳಹೋಗಿ ಮೀನಿನ ಕೆಂಪು ರಕ್ತಕಣ ಒಡೆಯುತ್ತದೆ. ಸಿಗಡಿಗೆ ಕೆಂಪು ಕಣವೇ ಇಲ್ಲ. ಅದರ ರಕ್ತದಲ್ಲಿ ಉಸಿರು ಹೊರುವುದು ತಾಮ್ರದ ಹಿಮೋಸಯನಿನ್. ನಮ್ಮಲ್ಲಿ ಹಿಂದೆ ಹೊಳೆಗುಂಡಿಗೆ ಕಾರೆಕಾಯಿ ಜಜ್ಜಿ ಹಾಕುತ್ತಿದ್ದರಲ್ಲ, ಅದೂ ಸಪೋನಿನ್ನೇ.

ನೀರು ಎರಡಡಿಗೆ ಇಳಿಸಿ, ರಾತ್ರಿ ನೆನೆಸಿಟ್ಟ 18 ಕಿಲೋ ಹಿಂಡಿಯನ್ನು ಬೆಳಿಗ್ಗೆ ಎರಚಿದೆ. ಕಡಲ ಕಡೆಯವರು ಇಷ್ಟು ಹಾಕುವುದಿಲ್ಲ. ಸಿಹಿನೀರಲ್ಲಿ ಅದರ ಕಸುವು ಕಮ್ಮಿ. ನೊರೆ ಎದ್ದಿತು. ಮಧ್ಯಾಹ್ನದೊಳಗೆ ಜಿಲೇಬಿ ತೇಲಿದವು. ಗಾಳಿ ಕುಡಿದು ಬದುಕುವ ಕೊರವ ಸಂಜೆಯವರೆಗೂ ಹೊಡೆದಾಡಿತು.

ಸಿಗಡಿ ಒಂದೂ ಸಾಯಲಿಲ್ಲ ಅಂತ ನೆಮ್ಮದಿಯಾಗಿ ಮಲಗಿದೆ. ತೇಲಿದ್ದನ್ನಷ್ಟೇ ಹೆಕ್ಕಿದ್ದೆ, ತಳಕ್ಕೆ ಕೂತಿದ್ದು ಕೊಳೆಯಲು ಹತ್ತಿತ್ತು. ಬೆಳಗಿನ ಜಾವ ಟಾರ್ಚ್ ಹಿಡಿದು ಹೋದರೆ ಸಿಗಡಿಗಳೆಲ್ಲ ದಡಕ್ಕೆ ಅಂಟಿಕೊಂಡು ಮೀಸೆ ನೀರಿನ ಮೇಲಿಟ್ಟು ನಿಂತಿವೆ. ಆಮ್ಲಜನಕ ಮುಗಿದಿತ್ತು. ಪಂಪ್ ಹಚ್ಚಿ ಹೊಸ ನೀರು ಸುರಿದೆ. ಅಷ್ಟರಲ್ಲಿ 27 ಹೋಗಿದ್ದವು.

ಇನ್ನೊಂದು ನನಗೆ ಹೊಳೆದೇ ಇರಲಿಲ್ಲ. ಹಿಂಡಿ ಬಿದ್ದ ಮೇಲೆ ಸಿಗಡಿ ಒಟ್ಟೊಟ್ಟಿಗೆ ಪೊರೆ ಕಳಚುತ್ತವೆ. ಮೂರನೇ ದಿನ ಕೈಗೆ ಸಿಕ್ಕ ಒಂದು ಹಲಸಿನ ತೊಳೆಯಷ್ಟು ಮೆತ್ತಗಿತ್ತು, ಕೊಂಡಿ ಅರ್ಧ ಇರಲಿಲ್ಲ. ಗಟ್ಟಿ ಚಿಪ್ಪಿನ ಪಕ್ಕದವನು ತಿಂದಿದ್ದ. ಅಡಿಕೆ ಸೋಗೆ ಕಟ್ಟು ಕಟ್ಟಿ ಮುಳುಗಿಸಿದ ಮೇಲೆ ಅಡಗಲು ಜಾಗವಾಗಿ ಕಾಟ ತಗ್ಗಿತು.

ಈಗ ಮದ್ದು ಏನಿದ್ದರೂ ಏಪ್ರಿಲ್‌ನಲ್ಲೇ, ಮರಿ ಬಿಡುವ ಮೊದಲು: ಎರಡಡಿ ನೀರಿಗೆ 150 ಕಿಲೋ ಹಿಪ್ಪೆ ಹಿಂಡಿ. ಮೂರು ವಾರ ಬಿಟ್ಟು ಸೊಳ್ಳೆಪರದೆಯ ಗೂಡಿನಲ್ಲಿ ನಾಲ್ಕು ಮೀನುಮರಿ ಇಳಿಬಿಡುತ್ತೇನೆ. ಎರಡು ದಿನ ಅವು ಆಡಿಕೊಂಡಿದ್ದರೆ ಸಿಗಡಿ ಮರಿಗೆ ಫೋನು.