ಮುಟ್ಟು ನಿಲ್ಲೋ ಹೊತ್ತಿನ ಮೈ ಬಿಸಿಗೆ ಚೀನೀ ಕಷಾಯ, ಹಾರ್ಮೋನ್ ಎರಡೂ ಟ್ರೈ ಮಾಡೋರು ಮೊದಲು ಇದನ್ನ ಓದಿ

ಸಿಂಗಾಪುರದಲ್ಲಿ ನಮ್ಮ ಬ್ಲಾಕ್ ಕೆಳಗೇ ಚೀನೀ ಔಷಧಿ ಅಂಗಡಿ, ಎರಡು ಸ್ಟಾಪ್ ಆಚೆ ಗೈನಕಾಲಜಿಸ್ಟ್. ರಾತ್ರಿ ಬೆವರಿ ಮೂರು ಸಲ ನೈಟಿ ಬದಲಾಯಿಸಿ ಸಾಕಾಗಿ ನಾನು ಒಂದೇ ವಾರದಲ್ಲಿ ಎರಡು ಕಡೆನೂ ಹೋಗಿ ಎರಡೂ ಶುರು ಮಾಡ್ಬಿಟ್ಟೆ, ಬಿಸಿ ಏನೋ ಕಮ್ಮಿ ಆಯ್ತು ಆದ್ರೆ ಯಾವುದ್ರಿಂದ ಅಂತ ಇವತ್ತಿಗೂ ಗೊತ್ತಿಲ್ಲ. ನೀವು ಹಂಗ್ ಮಾಡ್ಬೇಡಿ.

ಮೊದಲು ಎರಡು ವಾರ ಈ ಬಿಸಿಗೆ ಅಂತ ಏನೂ ತಗೊಳ್ಳದೆ ಕ್ಯಾಲೆಂಡರ್ ಮೇಲೆ ಗೀಟು ಹಾಕಿ, ಮೈ ಬಿಸಿಯಾದಾಗಲೆಲ್ಲ ಒಂದು ಗೀಟು, ರಾತ್ರಿ ಎಚ್ಚರ ಆದ್ರೆ ಪಕ್ಕದಲ್ಲಿ ಒಂದು ಚುಕ್ಕಿ. ಯಾಕಂದ್ರೆ ಈ ತೊಂದರೆಗೆ ಸುಮ್ನೆ ಔಷಧಿನೇ ಇಲ್ದಿರೋ ಖಾಲಿ ಮಾತ್ರೆ ಕೊಟ್ರೂ ಎಷ್ಟೋ ಜನಕ್ಕೆ ಕಮ್ಮಿ ಆಗತ್ತೆ, ಲೆಕ್ಕ ಇಲ್ದಿದ್ರೆ ನಮ್ಮನ್ನ ನಾವೇ ನಂಬ್ಸಿಕೊಂಡುಬಿಡ್ತೀವಿ.

ಆಮೇಲೆ ಒಂದನ್ನ ಮಾತ್ರ ಶುರು ಮಾಡಿ. ನನ್ನ ಕೇಳಿದ್ರೆ ಹಾರ್ಮೋನ್ ಮೊದಲು, ಬಿಸಿ ಬೆವರಿಗೆ ಅದರಷ್ಟು ಗಟ್ಟಿ ಔಷಧಿ ಇನ್ನೊಂದಿಲ್ಲ. 2002ರಲ್ಲಿ ಈ ಹಾರ್ಮೋನ್ ಮೇಲಿನ ಅಮೆರಿಕದ ದೊಡ್ಡ ಸ್ಟಡಿ ಒಂದನ್ನ ಅಪಾಯ ಕಂಡು ಅರ್ಧಕ್ಕೆ ನಿಲ್ಲಿಸಿದ ಸುದ್ದಿ ಕೇಳಿ ಎಲ್ರೂ ಹೆದರಿದ್ರು, ಆದ್ರೆ ಅದರಲ್ಲಿದ್ದ ಹೆಂಗಸರ ಸರಾಸರಿ ವಯಸ್ಸೇ 63. 60ರೊಳಗೆ, ಇಲ್ಲಾ ಮುಟ್ಟು ನಿಂತು 10 ವರ್ಷದೊಳಗೆ ಇರೋ ಆರೋಗ್ಯವಂತರ ಲೆಕ್ಕಾನೇ ಬೇರೆ. ಗರ್ಭಕೋಶ ಇದ್ರೆ ಬರೀ ಈಸ್ಟ್ರೋಜನ್ ಬೇಡ, ಜೊತೆಗೆ ಪ್ರೊಜೆಸ್ಟರಾನ್ ಬೇಕೇ ಬೇಕು, ಇಲ್ದಿದ್ರೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಭಯ. ರಕ್ತ ಹೆಪ್ಪುಗಟ್ಟೋ ಚಿಂತೆ ಇದ್ರೆ ಮಾತ್ರೆ ಬದಲು ಪ್ಯಾಚ್ ಅಥವಾ ಜೆಲ್ ಆಗತ್ತಾ ಕೇಳಿ. ಸ್ತನ ಕ್ಯಾನ್ಸರ್, ಸ್ಟ್ರೋಕ್ ಆಗಿದ್ದೋರಿಗೆ ಸಾಮಾನ್ಯವಾಗಿ ಈ ದಾರಿನೇ ಇಲ್ಲ, ಮುಚ್ಚುಮರೆ ಇಲ್ದೆ ಡಾಕ್ಟರ್‌ಗೆ ಹೇಳ್ಬಿಡಿ.

ಈಗ ಚೀನೀ ಕಡೆ ಬನ್ನಿ. ರಿಜಿಸ್ಟರ್ ಆಗಿರೋ ವೈದ್ಯರ ಹತ್ರಾನೇ ಹೋಗಿ, ಇಲ್ಲಿ ಅವರನ್ನ ರಿಜಿಸ್ಟರ್ ಮಾಡೋಕ್ಕೇ ಒಂದು ಮಂಡಳಿ ಇದೆ. ನಾಡಿ ಹಿಡೀತಾರೆ, ನಾಲಿಗೆ ಚಾಚಿ ಅಂತಾರೆ, ಕಿಡ್ನಿಯ ಯಿನ್ (ಅವರ ಲೆಕ್ಕದಲ್ಲಿ ಮೈಯನ್ನ ತಂಪಾಗಿಡೋ ಶಕ್ತಿ) ಕಮ್ಮಿ ಆಗಿದೆ ಅಂದ್ರೆ ಗಾಬರಿ ಆಗ್ಬೇಡಿ, ಅದು ರಕ್ತ ಪರೀಕ್ಷೇಲಿ ಕ್ರಿಯಾಟಿನಿನ್ ನೋಡಿ ಹೇಳೋ ಕಿಡ್ನಿ ತೊಂದರೆ ಅಲ್ಲ, ನಮ್ಮೋರು ಪಿತ್ತ ಜಾಸ್ತಿ ಅಂದಂಗೆ. ತುಂಬಾ ಜನಕ್ಕೆ ಕೊಡೋದು ಎರ್ ಶಿಯಾನ್ ತಾಂಗ್, 1950ರ ದಶಕದಲ್ಲಿ ಶಾಂಘೈನಲ್ಲಿ ಕಟ್ಟಿದ ಆರು ಮೂಲಿಕೆ ಕಷಾಯ. ಅದರಲ್ಲೊಂದು ನಮ್ಮ ಆಯುರ್ವೇದದ ಕಾಳಿ ಮುಸ್ಲಿನೇ! ಕುದಿಸಿದ್ರೆ ಮನೆಯೆಲ್ಲಾ ಒದ್ದೆ ಮಣ್ಣಿನ ವಾಸನೆ, ಕಿಟಕಿ ತೆಗ್ದಿಡಿ. ಅದೇ ಕಷಾಯದಲ್ಲಿರೋ ದಾಂಗ್ ಗುಯಿ ಬೇರನ್ನ ಒಂದನ್ನೇ ಕೊಟ್ಟು 1997ರಲ್ಲಿ ಪರೀಕ್ಷೆ ಮಾಡಿದಾಗ ಖಾಲಿ ಮಾತ್ರೆಗಿಂತ ಹೆಚ್ಚೇನೂ ಆಗ್ಲಿಲ್ಲ, ಒಂಟಿ ಬೇರು ಕೊಟ್ರೆ ಹೆಂಗೆ ಅಂತ ಚೀನೀ ವೈದ್ಯರು ವಾದ ಮಾಡ್ತಾರೆ, ಇರ್ಲಿ. ರಕ್ತ ಹೆಪ್ಪುಗಟ್ಟದೆ ಇರ್ಲಿ ಅಂತ ಕೊಡೋ ವಾರ್ಫರಿನ್ ಮಾತ್ರೆ ತಗೊಳ್ಳೋರು ಮಾತ್ರ ಈ ಬೇರು ಮುಟ್ಲೇಬೇಡಿ, ರಕ್ತಸ್ರಾವ ಜಾಸ್ತಿ ಆಗ್ಬಹುದು.

ಪೊಟ್ಟಣದ ಮೇಲಿನ ಚೀನೀ ಹೆಸರುಗಳ ಫೋಟೋ ಗೈನಕಾಲಜಿಸ್ಟ್‌ಗೂ, ಹಾರ್ಮೋನ್ ಚೀಟಿ ಚೀನೀ ವೈದ್ಯರಿಗೂ ತೋರ್ಸಿ. ಮುಟ್ಟು ನಿಂತು ಒಂದು ವರ್ಷ ಆದಮೇಲೆ ಒಂದು ಹನಿ ರಕ್ತ ಕಂಡ್ರೂ ಅದೇ ವಾರ ಗೈನಕಾಲಜಿಸ್ಟ್ ಹತ್ರ ಹೋಗಿ, ಕಷಾಯ ಮೈಲಿಗೆ ತೆಗೀತಿದೆ ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ.