ಫ್ನೂ ಹೋಗಿ ಕಟ್ಟಾಯ ಬಂತು

ನನ್ನ ಹೆಸರು ಸಾವಿತ್ರಿ. ಶಾಲೆಯ ದಾಖಲೆಯಲ್ಲಿ ಕೆ. ಎಸ್. ಸಾವಿತ್ರಿ. ಕೆ ಅಂದರೆ ಹಾಸನ ತಾಲ್ಲೂಕಿನ ಕಟ್ಟಾಯ, ಎಸ್ ಅಂದರೆ ಅಪ್ಪ ಶಿವಣ್ಣ. 2006ರಲ್ಲಿ ಪಾಸ್‌ಪೋರ್ಟ್ ಮಾಡಿಸುವಾಗ ಏಜೆಂಟ್ ಎರಡೂ ಇನಿಷಿಯಲ್ ಕೈಬಿಟ್ಟು ಸರ್‌ನೇಮ್ ಕಾಲಂ ಖಾಲಿ ಬಿಟ್ಟ. ನನಗೂ ಅದು ತಪ್ಪು ಅನ್ನಿಸಲಿಲ್ಲ. ನಮ್ಮ ಮನೆಯಲ್ಲಿ ಯಾರಿಗೆ ತಾನೇ ಸರ್‌ನೇಮ್ ಇತ್ತು? ಮದುವೆಯಾಗಿ ಅಮೆರಿಕದ ವೀಸಾ ಬಂದಾಗ ನೋಡಿದರೆ ಸಾವಿತ್ರಿ ಹೋಗಿ ಸರ್‌ನೇಮ್ ಜಾಗದಲ್ಲಿ ಕೂತಿದ್ದಳು. ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಮೂರಕ್ಷರ. ಫಸ್ಟ್ ನೇಮ್ ಅನ್‌ನೋನ್. ಮೊದಲ ಹೆಸರು ಗೊತ್ತಿಲ್ಲ!

ಆಮೇಲೆ ಡ್ರೈವಿಂಗ್ ಲೈಸೆನ್ಸು, ಬ್ಯಾಂಕು, ಇನ್ಶೂರೆನ್ಸು ಎಲ್ಲದರಲ್ಲೂ ಅದೇ ಅಂಟಿಕೊಂಡಿತು. ಹಲ್ಲಿನ ಡಾಕ್ಟರ ಹತ್ತಿರ ಕಾಯುತ್ತ ಕೂತರೆ ನರ್ಸ್ ಬಾಗಿಲಿಗೆ ಬಂದು "ಫ್ನೂ?" ಅಂತ ಕರೆಯೋಳು. ಮಗಳು ಚಿಕ್ಕವಳಿದ್ದಾಗ ಅದು ನನ್ನ ಮುದ್ದಿನ ಹೆಸರು ಅಂದುಕೊಂಡಿದ್ದಳು.

ಪೌರತ್ವ ಯಾಕೆ ತಗೊಂಡೆ ಅಂತ ಕೇಳಿದವರಿಗೆ ವೋಟು, ಮಗಳ ಕಾಲೇಜು ಅಂತೆಲ್ಲ ಹೇಳುತ್ತೇನೆ. ಅದೂ ನಿಜವೇ. ಆದರೆ ಅರ್ಜಿಯಲ್ಲೇ ಹೆಸರು ಬದಲಾಯಿಸಿಕೊಳ್ಳಲು ಒಂದು ಕಾಲಂ ಇದೆ, ಅದಕ್ಕೆ ಬೇರೆ ಫೀಸಿಲ್ಲ ಅಂತ ಗೊತ್ತಾದ ದಿನವೇ ನಾನು ಮನಸ್ಸು ಮಾಡಿದ್ದು.

ಅಲ್ಲಿಗೆ ಬರುವುದಕ್ಕೇ ಕಾಲ ಹಿಡಿಯಿತು. ಯಜಮಾನರ ಕಂಪನಿ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದ್ದು 2009ರಲ್ಲಿ, ಭಾರತದವರ ಸಾಲು ಕರಗಿ ಕಾರ್ಡು ಕೈಗೆ ಬಂದದ್ದು 2019ರ ಮೇ ತಿಂಗಳಲ್ಲಿ. ಅಲ್ಲಿಂದ ಐದು ವರ್ಷ ತುಂಬಬೇಕು, ಅದರಲ್ಲಿ ಕನಿಷ್ಠ ಮೂವತ್ತು ತಿಂಗಳು ಅಮೆರಿಕದ ನೆಲದ ಮೇಲೇ ಇದ್ದಿರಬೇಕು. 2024ರ ಮೇನಲ್ಲಿ ಪೌರತ್ವದ ಅರ್ಜಿಯಾದ ಎನ್-400 ಫಾರ್ಮನ್ನು ಆನ್‌ಲೈನಿನಲ್ಲೇ ತುಂಬಿದೆ. ಫೀಸು 710 ಡಾಲರ್. ಕಾಗದದಲ್ಲಿ ಕಳಿಸಿದರೆ ಇನ್ನೂ ಐವತ್ತು ಜಾಸ್ತಿ. ವಕೀಲರನ್ನು ಹಿಡಿಯಲಿಲ್ಲ. ಕೇಸು, ಅರೆಸ್ಟು, ಟ್ಯಾಕ್ಸ್ ಬಾಕಿ ಇಲ್ಲದವರಿಗೆ ಅದರ ಅಗತ್ಯ ಇಲ್ಲ ಅಂತಲೇ ನನ್ನ ಅಭಿಪ್ರಾಯ.

ಫಾರ್ಮಿನಲ್ಲಿ ಬೆವರಿಳಿಸಿದ್ದು ಪ್ರಯಾಣದ ಪಟ್ಟಿ. ಐದು ವರ್ಷದಲ್ಲಿ ದೇಶದ ಹೊರಗೆ ಹೋದ ಪ್ರತಿ ಸಲದ ತಾರೀಖೂ ಬರೆಯಬೇಕು. ನಾವಿರುವ ಡೆಟ್ರಾಯಿಟ್ ಪಕ್ಕದಲ್ಲೇ ಕೆನಡಾ. ಅಲ್ಲಿನ ವಿಂಡ್ಸರಿಗೆ ಊಟಕ್ಕೆ ಹೋಗಿ ರಾತ್ರಿ ವಾಪಸ್ ಬಂದದ್ದು ಲೆಕ್ಕಕ್ಕಿಲ್ಲ, ಇಪ್ಪತ್ನಾಲ್ಕು ಗಂಟೆ ದಾಟಿದ್ದು ಮಾತ್ರ. ನನ್ನ ಭಯ ಇದ್ದದ್ದು 2020ರ ಪ್ರಯಾಣದ್ದು. ಅಪ್ಪನ ಮಂಡಿ ಆಪರೇಷನ್ನಿಗೆ ಅಂತ ಮಾರ್ಚ್ 8ಕ್ಕೆ ಹೊರಟವಳು ಲಾಕ್‌ಡೌನಿನಲ್ಲಿ ಕಟ್ಟಾಯದಲ್ಲೇ ಸಿಕ್ಕಿಕೊಂಡೆ. ಸಿಕ್ಕಿಕೊಂಡವರಿಗಾಗಿ ಸರ್ಕಾರ ಬಿಟ್ಟ ವಂದೇ ಭಾರತ್ ವಿಮಾನದಲ್ಲಿ ಸೀಟು ಸಿಕ್ಕಿ, ದೆಹಲಿ ಮೇಲೆ ಶಿಕಾಗೊಗೆ ಬಂದಿಳಿದದ್ದು ಆಗಸ್ಟ್ 20. ಒಂದೇ ಸಲ ಆರು ತಿಂಗಳು ಮೀರಿ ಹೊರಗಿದ್ದರೆ ಇಲ್ಲಿನ ವಾಸ ಕಡಿದುಹೋಯಿತು ಅಂತ ಹಿಡಿಯುತ್ತಾರೆ, ಇಲ್ಲ ಅಂತ ತೋರಿಸಿಕೊಡುವ ಹೊಣೆ ನಮ್ಮದು. ಬೆರಳು ಮಡಿಚಿ ಮಡಿಚಿ ಎಣಿಸಿದೆ. 165 ದಿನ. ಬಚಾವ್.

ಹೆಸರಿನ ಕಾಲಂ ಮಾತ್ರ ಕೊನೆಯವರೆಗೂ ಖಾಲಿ ಇಟ್ಟುಕೊಂಡಿದ್ದೆ. ಗೆಳತಿಯೊಬ್ಬಳು "ಗೌಡ ಅಂತ ಹಾಕ್ಕೊಳೇ, ಇಲ್ಲಿಯವರಿಗೂ ಸುಲಭ" ಅಂದಳು. ಅಪ್ಪ ನನ್ನನ್ನು ಒಂದನೇ ಕ್ಲಾಸಿಗೆ ಸೇರಿಸುವಾಗ ಮೇಷ್ಟ್ರು ಸೇರಿಸಲು ಹೋದ ಅದೇ ಪದವನ್ನು ಬೇಡ ಅಂತ ಹೊಡೆಸಿಹಾಕಿದವರು. ಯಜಮಾನರ ಹೆಸರು ಹಾಕೋಣ ಅಂದರೆ ಮದುವೆಯಾದ ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ? ಅವರೂ ಹಾಗೇ ಅಂದರು. ಕೊನೆಗೆ ಅಪ್ಪನಿಗೆ ಫೋನ್ ಮಾಡಿ "ನಿಮ್ಮ ಹೆಸರು ಹಾಕ್ಕೊಳ್ಲಾ?" ಅಂದೆ.

"ನನ್ ಹೆಸರ್ ಯಾಕಮ್ಮ, ನಾನೇನು ಇನ್ನೆಷ್ಟು ದಿನ. ಊರಿನ ಹೆಸರು ಹಾಕು. ಊರು ಎಲ್ಲೂ ಹೋಗಲ್ಲ."

ಇಂಟರ್‌ವ್ಯೂ ನವೆಂಬರಿನಲ್ಲಿ ಬಂತು. ಆಗ ಅಮೆರಿಕದ ಇತಿಹಾಸ, ಸರ್ಕಾರದ ಬಗ್ಗೆ ನೂರು ಪ್ರಶ್ನೆಗಳ ಪಟ್ಟಿ ಕೊಟ್ಟಿರುತ್ತಿದ್ದರು, ಅದರಲ್ಲಿ ಹತ್ತು ಕೇಳಿ ಆರು ಸರಿಯಾದರೆ ಪಾಸು. (2025ರ ಅಕ್ಟೋಬರ್ 20ರಿಂದ ಅರ್ಜಿ ಹಾಕಿದವರಿಗೆ ಪಟ್ಟಿ 128ಕ್ಕೆ ಏರಿದೆ, ಇಪ್ಪತ್ತು ಕೇಳಿ ಹನ್ನೆರಡು ಸರಿ ಬರಬೇಕು.) ಪಾತ್ರೆ ತೊಳೆಯುತ್ತ, ಮಗಳು ಕೇಳಿದ್ದಕ್ಕೆಲ್ಲ ಉತ್ತರ ಹೇಳಿ ಹೇಳಿ ನನಗೆ ಬಾಯಿಪಾಠವಾಗಿತ್ತು. ಬಾವುಟದಲ್ಲಿ ಹದಿಮೂರು ಪಟ್ಟಿ ಯಾಕೆ, ಸೂಸನ್ ಬಿ. ಆಂಥನಿ ಏನು ಮಾಡಿದರು... ಮೊದಲ ಆರೂ ಸರಿ ಬಂದವು, ಅಧಿಕಾರಿ ಅಲ್ಲಿಗೇ ನಿಲ್ಲಿಸಿದರು. ಒಂದು ವಾಕ್ಯ ಓದಿಸಿ, ಒಂದು ಬರೆಸಿದರು. ಇದಕ್ಕೆ ತಿಂಗಳುಗಟ್ಟಲೆ ನಿದ್ದೆ ಕೆಡುವ ಅಗತ್ಯವಿಲ್ಲ.

ನಿಜವಾದ ಪರೀಕ್ಷೆ ಅಂದರೆ ಅವರು ಅರ್ಜಿಯನ್ನು ಸಾಲುಸಾಲಾಗಿ ಪ್ರಮಾಣದ ಮೇಲೆ ಕೇಳುವುದು. ಕಮ್ಯುನಿಸ್ಟ್ ಪಕ್ಷದ ಸದಸ್ಯೆಯಾಗಿದ್ದೆಯಾ ಅಂದಾಗ ಹಾಸನದ ಕಾಲೇಜಿನಲ್ಲಿ ಫೀಸು ಏರಿಕೆ ವಿರುದ್ಧ ಕೆಂಪು ಬಾವುಟದ ಹಿಂದೆ ನಡೆದದ್ದು ಕಣ್ಣಮುಂದೆ ಬಂತು. ಸದಸ್ಯೆ ಅಲ್ಲವಲ್ಲ, ಅವತ್ತು ಕ್ಲಾಸಿಗೆ ರಜ ಸಿಕ್ಕಿದ್ದಕ್ಕೆ ಹೋದದ್ದು. ಇಲ್ಲ ಅಂದೆ. 2020ರ ಸಾಲಿಗೆ ಬಂದಾಗ ಅಧಿಕಾರಿ ಪೆನ್ನು ಅಲ್ಲೇ ನಿಲ್ಲಿಸಿದರು. ಬೋರ್ಡಿಂಗ್ ಪಾಸು, ಪಾಸ್‌ಪೋರ್ಟಿನ ಸೀಲು ತೋರಿಸಿದೆ. ತಲೆಯಾಡಿಸಿ ಮುಂದೆ ಹೋದರು. ಕೊನೆಗೆ ಹೆಸರು ಬದಲಾವಣೆಯ ಮನವಿಗೆ ಸಹಿ ಹಾಕಿಸಿಕೊಂಡು, "ಹಾಗಾದರೆ ಫ್ನೂಗೆ ವಿದಾಯ" ಅಂದರು. ಇವರು ಇಂಥವರನ್ನು ದಿನಾ ನೋಡುತ್ತಾರೆ ಅಂತ ಆಗ ಗೊತ್ತಾಯಿತು.

ಹೆಸರು ಬದಲಾಯಿಸುವ ಅಧಿಕಾರ ಇಮಿಗ್ರೇಷನ್ ಕಚೇರಿಗಿಲ್ಲ, ನ್ಯಾಯಾಧೀಶರಿಗೆ ಮಾತ್ರ. ಹಾಗಾಗಿ ನಮ್ಮಂಥವರು ಕೋರ್ಟಿನಲ್ಲೇ ಪ್ರಮಾಣ ಮಾಡಬೇಕು. ಕಚೇರಿಯಲ್ಲೇ ಪ್ರಮಾಣ ಮಾಡಿಸುವ ಊರುಗಳಲ್ಲಿ ಇದಕ್ಕೆ ಹೆಚ್ಚು ದಿನ ಕಾಯಬೇಕಾಗಬಹುದು. ಜನವರಿಯಲ್ಲಿ, ಡೆಟ್ರಾಯಿಟಿನ ಫೆಡರಲ್ ಕೋರ್ಟು. ಒಳಗೆ ಹೋಗುವಾಗಲೇ ಗ್ರೀನ್ ಕಾರ್ಡು ಇಸಕೊಂಡರು. ಹತ್ತು ವರ್ಷ ಕಾದ ಕಾರ್ಡನ್ನು ರಟ್ಟಿನ ಡಬ್ಬಿಗೆ ಹಾಕಿಬಿಟ್ಟರು. ಬಲಗೈ ಎತ್ತಿ, ಯಾವುದೇ ಪರದೇಶದ ರಾಜ, ಪ್ರಭು, ಪ್ರಭುತ್ವಕ್ಕೆ ಇದ್ದ ನಿಷ್ಠೆಯನ್ನು ಸಂಪೂರ್ಣವಾಗಿ ತೊರೆಯುತ್ತೇನೆ ಅನ್ನುವ ಸಾಲು ಬಂದಾಗ ನನ್ನ ದನಿ ಇಳಿಯಿತು. ಪಕ್ಕದಲ್ಲಿದ್ದ ಹೆಂಗಸು ಗಟ್ಟಿಯಾಗಿ ಹೇಳುತ್ತಿದ್ದಳು, ಅವಳ ದನಿಯಲ್ಲಿ ನನ್ನದು ಮುಚ್ಚಿಹೋಯಿತು.

ಮುಂದಿನದನ್ನು ಯಾರೂ ಮೊದಲೇ ಹೇಳುವುದಿಲ್ಲ. ಪ್ರಮಾಣ ಮಾಡಿದ ಕ್ಷಣಕ್ಕೆ ಭಾರತದ ಪೌರತ್ವ ಮುಗಿಯಿತು, ಹಳೆ ಪಾಸ್‌ಪೋರ್ಟಿನಲ್ಲಿ ಪ್ರಯಾಣ ಮಾಡುವಂತಿಲ್ಲ. ಅಮೆರಿಕದ ಪಾಸ್‌ಪೋರ್ಟಿಗೆ ಖುದ್ದಾಗಿ ಹೋಗಿ, ಅರ್ಜಿಯ ಜೊತೆ ಪೌರತ್ವದ ಅಸಲು ಸರ್ಟಿಫಿಕೇಟನ್ನೇ ಕೊಡಬೇಕು. ಪಾಸ್‌ಪೋರ್ಟ್ ಬಂದ ಮೇಲೆ ಹಳೆಯದನ್ನು ಸರೆಂಡರ್ ಮಾಡಿ, ಆಮೇಲೆ 275 ಡಾಲರ್ ಕಟ್ಟಿ ಓಸಿಐಗೆ, ಅಂದರೆ ಪರದೇಶದ ಪ್ರಜೆಯಾದ ಭಾರತ ಮೂಲದವರಿಗೆ ಭಾರತ ಕೊಡುವ ಕಾರ್ಡಿಗೆ, ಅರ್ಜಿ. ಹೆಸರು ಬೇರೆ ಬದಲಾಗಿದ್ದರಿಂದ ಪ್ರತಿ ಹಂತದಲ್ಲೂ ಅದರ ದಾಖಲೆ ಲಗತ್ತಿಸಿದೆ. ಈ ನಡುವೆ ಊರಲ್ಲಿ ಮದುವೆ ಇದೆ ಅಂತ ಟಿಕೆಟ್ ಮಾಡಿಸಿಡಬೇಡಿ.

ಜಮೀನಿನ ವಿಷಯ ಎಲ್ಲರೂ ಕೇಳುತ್ತಾರೆ. ಓಸಿಐ ಇದ್ದವರು ಕೃಷಿ ಜಮೀನು ಕೊಳ್ಳುವಂತಿಲ್ಲ, ದಾನಪತ್ರದಲ್ಲಿ ಪಡೆಯುವಂತಿಲ್ಲ, ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು. ಭಾರತದ ಪಾಸ್‌ಪೋರ್ಟಿನ ಅನಿವಾಸಿಯಾಗಿದ್ದಾಗಲೂ ಇದೇ ನಿಯಮವಿತ್ತು, ನಮಗೆ ಗೊತ್ತಿರಲಿಲ್ಲ ಅಷ್ಟೆ. ಅಪ್ಪ ತಮ್ಮ ಎರಡೆಕರೆ ತೆಂಗಿನ ತೋಟದಲ್ಲಿ ನನ್ನ ಪಾಲನ್ನು ದಾನ ಬರೆಯಲು ಹೊರಟಿದ್ದರು. ಹಾಸನದ ವಕೀಲರು ತಡೆದು ವಿಲ್ ಬರೆಸಿದರು.

ಹೋದ ತಿಂಗಳು ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ಹೊಸ ಲೈಸೆನ್ಸ್ ತೋರಿಸಿ ಹೆಸರು ತಿದ್ದಿಸಿದ್ದೆ. ನರ್ಸ್ ಬಾಗಿಲಿಗೆ ಬಂದು ಚೀಟಿ ನೋಡಿ, ಸ್ವಲ್ಪ ತಡವರಿಸಿ, "ಸವಿಟ್ರಿ ಕಟಾಯಾ?" ಅಂದಳು. ನಾನು ಕೂತೇ ಇದ್ದೆ. ಎರಡನೇ ಸಲ ಕರೆದಾಗ ಎದ್ದೆ.